ತೋಟ, ಸಂಬಳ, ಪಿಂಚಣಿ: ಆದಾಯ ತೆರಿಗೆಯ ಬಗ್ಗೆ ಓದುಗರ ಪ್ರಶ್ನೆಗಳು

ರಿಟರ್ನ್ ಸಲ್ಲಿಕೆಯ ಕೊನೆಯ ದಿನ ಹತ್ತಿರವಾಗುತ್ತಿರುವುದರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆದಾಯ ತೆರಿಗೆಗೆ ಸಂಬಂಧಿಸಿದವು. ‘ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲವಂತೆ, ಹಾಗಾದರೆ ನಮಗೇಕೆ ರಿಟರ್ನ್’ ಎಂಬ ಮಾತು ಬಹುತೇಕ ಎಲ್ಲ ಪತ್ರಗಳಲ್ಲೂ ಇದೆ. ಇಲ್ಲಿನ ಉತ್ತರಗಳು ಮುಖ್ಯವಾಗಿ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಅನ್ವಯಿಸುತ್ತವೆ. ಹೊಸ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದರೂ ಕಳೆದ ವರ್ಷದ ಆದಾಯದ ಲೆಕ್ಕ 1961ರ ಕಾಯಿದೆಯ ಪ್ರಕಾರವೇ ನಡೆಯುತ್ತದೆ.

ಆ 1961ರ ಕಾಯಿದೆಯಲ್ಲೇ ತೆರಿಗೆ ಲೆಕ್ಕ ಹಾಕಲು ಹಳೆಯದು, ಹೊಸದು ಎಂಬ ಎರಡು ಪದ್ಧತಿಗಳಿವೆ. ಅವುಗಳಲ್ಲಿ ಹೊಸ ಪದ್ಧತಿಯ ದರಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ 4 ಲಕ್ಷ ರೂಪಾಯಿಗೆ ತೆರಿಗೆಯಿಲ್ಲ. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15, 16ರಿಂದ 20ಕ್ಕೆ ಶೇ 20, 20ರಿಂದ 24ಕ್ಕೆ ಶೇ 25, ಅದಕ್ಕೂ ಮೇಲಿನದಕ್ಕೆ ಶೇ 30. ಬಂದ ತೆರಿಗೆಯ ಮೇಲೆ ಶೇ 4ರಷ್ಟು ಸೆಸ್ ಸೇರುತ್ತದೆ. ತೆರಿಗೆಗೆ ಒಳಪಡುವ ಒಟ್ಟು ಆದಾಯ 12 ಲಕ್ಷವನ್ನು ಮೀರದಿದ್ದರೆ 60,000 ರೂಪಾಯಿವರೆಗಿನ ತೆರಿಗೆಗೆ ರಿಯಾಯಿತಿ ದೊರೆಯುತ್ತದೆ. ಎಲ್ಲರ ಬಾಯಲ್ಲಿರುವ ‘ಹನ್ನೆರಡು ಲಕ್ಷ’ ಎಂದರೆ ಈ ರಿಯಾಯಿತಿಯೇ. ವಿನಾಯಿತಿಯ ಮಿತಿ ಮಾತ್ರ 4 ಲಕ್ಷದಲ್ಲೇ ಇದೆ, ಮತ್ತು ಆದಾಯ ಆ 4 ಲಕ್ಷವನ್ನು ದಾಟಿದವರು (ಮುಂದೆ ಹೇಳುವ ಒಂದು ಅಪವಾದ ಬಿಟ್ಟು), ಕಟ್ಟಬೇಕಾದ ತೆರಿಗೆ ಸೊನ್ನೆಯಾದರೂ, ರಿಟರ್ನ್ ಸಲ್ಲಿಸಲೇಬೇಕು.

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ವರ್ಷದ ಸಂಬಳ 9,75,000 ರೂಪಾಯಿ. ನನ್ನ ಹೆಸರಿನ ಅಡಿಕೆ ತೋಟದಿಂದ ಖರ್ಚು ಕಳೆದು ಸುಮಾರು 6 ಲಕ್ಷ ಉಳಿಯುತ್ತದೆ. ಶಾಲೆಯಿಂದ ಕೊಟ್ಟ ಫಾರ್ಮ್ 16ರಲ್ಲಿ (ಸಂಬಳ ಮತ್ತು ಅದರ ತೆರಿಗೆಯ ಪ್ರಮಾಣಪತ್ರ) ತೆರಿಗೆ ಸೊನ್ನೆ ಎಂದಿದೆ. ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲದ ಮೇಲೆ ಅದನ್ನು ತೋರಿಸಬೇಕೆ? ನನ್ನ ತಮ್ಮ ಬೇರೆಯವರ ತೋಟಗಳ ಚೇಣಿ ಹಿಡಿಯುತ್ತಾನೆ. ಅವನದೂ ಕೃಷಿ ಆದಾಯವೇ ಅಲ್ಲವೆ?

ಉತ್ತರ: ತೋರಿಸಬೇಕು. ನಿಮ್ಮ ವಿಷಯದಲ್ಲಿ ಅದರಿಂದ ಸ್ವಲ್ಪ ತೆರಿಗೆಯೂ ಬರುತ್ತದೆ. ಸಂವಿಧಾನವು ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿಲ್ಲ, ರಾಜ್ಯಗಳಿಗೆ ಕೊಟ್ಟಿದೆ. ಆದರೆ ಸಂಬಳದಂಥ ಬೇರೆ ಆದಾಯಕ್ಕೆ ಯಾವ ದರ ಅನ್ವಯಿಸಬೇಕು ಎಂದು ನಿರ್ಧರಿಸುವಾಗ ಕೃಷಿ ಆದಾಯವನ್ನು ಕೇಂದ್ರ ಗಣನೆಗೆ ತೆಗೆದುಕೊಳ್ಳುತ್ತದೆ. ಕೃಷಿ ಆದಾಯ 5,000 ರೂಪಾಯಿಗಿಂತ ಹೆಚ್ಚಿದ್ದು, ಬೇರೆ ಆದಾಯ ವಿನಾಯಿತಿ ಮಿತಿಯನ್ನು ದಾಟಿದ್ದರೆ ಈ ಲೆಕ್ಕ ಕಡ್ಡಾಯ. ಸಂಬಳದ ಜೊತೆಗೆ ತೋಟವಿರುವ ಮಲೆನಾಡಿನ ಮನೆಗಳಲ್ಲಿ ಅತಿ ಹೆಚ್ಚು ತಪ್ಪಿಹೋಗುವ ಲೆಕ್ಕ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಸಂಬಳದಿಂದ ಹೊಸ ಪದ್ಧತಿಯ ಪ್ರಮಾಣಿತ ಕಡಿತವಾದ 75,000 ರೂಪಾಯಿಯನ್ನು ತೆಗೆದರೆ 9 ಲಕ್ಷ ಉಳಿಯುತ್ತದೆ. ಇದಕ್ಕೆ ಅಡಿಕೆಯ 6 ಲಕ್ಷವನ್ನು ಕೂಡಿಸಿದರೆ 15 ಲಕ್ಷ; ಅದರ ಮೇಲಿನ ತೆರಿಗೆ 1,05,000 ರೂಪಾಯಿ. ಇನ್ನು ಅಡಿಕೆಯ 6 ಲಕ್ಷಕ್ಕೆ ವಿನಾಯಿತಿ ಮಿತಿಯ 4 ಲಕ್ಷವನ್ನು ಕೂಡಿಸಿ, ಆ 10 ಲಕ್ಷದ ಮೇಲೆ ತೆರಿಗೆ ಲೆಕ್ಕ ಹಾಕಿದರೆ 40,000 ರೂಪಾಯಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದಾಗ ಸಿಗುವ 65,000 ರೂಪಾಯಿಯೇ ನಿಮ್ಮ ಸಂಬಳದ ಮೇಲಿನ ತೆರಿಗೆ. ನಿಮ್ಮ ತೆರಿಗೆಯೋಗ್ಯ ಆದಾಯ 9 ಲಕ್ಷ ಮಾತ್ರವಾದ್ದರಿಂದ ರಿಯಾಯಿತಿಗೆ ನೀವು ಅರ್ಹರು, ಆದರೆ ಅದು 60,000 ರೂಪಾಯಿಗೆ ನಿಲ್ಲುತ್ತದೆ. ಉಳಿದ 5,000 ರೂಪಾಯಿಗೆ 200 ರೂಪಾಯಿ ಸೆಸ್ ಸೇರಿ 5,200 ರೂಪಾಯಿಯನ್ನು ನೀವು ರಿಟರ್ನ್ ಸಲ್ಲಿಸುವ ಮೊದಲು ಕಟ್ಟಬೇಕು. ನಿಮ್ಮ ತೋಟದ ವಿಷಯ ಶಾಲೆಯ ಸಂಬಳ ಬಟವಾಡೆ ಅಧಿಕಾರಿಗೆ ಗೊತ್ತಿರುವುದಿಲ್ಲ. ಹೀಗಾಗಿ ಫಾರ್ಮ್ 16ರಲ್ಲಿ ಸೊನ್ನೆ ಇದೆ. ಅದು ಸಂಬಳಕ್ಕೆ ಸಂಬಂಧಿಸಿದಂತೆ ಸರಿಯಾದ ಲೆಕ್ಕವೇ ಹೊರತು ನಿಮ್ಮ ಪೂರ್ತಿ ಲೆಕ್ಕವಲ್ಲ.

ಕೃಷಿ ಆದಾಯ 5,000 ರೂಪಾಯಿ ಮೀರಿದವರು ಐಟಿಆರ್-1 ಎಂಬ ರಿಟರ್ನ್ ನಮೂನೆ ಬಳಸುವಂತಿಲ್ಲ. ನಿಮಗೆ ಬೇಕಾದದ್ದು ಐಟಿಆರ್-2. ನಿವ್ವಳ ಕೃಷಿ ಆದಾಯ 5 ಲಕ್ಷವನ್ನು ದಾಟಿರುವುದರಿಂದ ಜಮೀನಿರುವ ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಅದು ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯದೋ ಮಳೆಯಾಶ್ರಿತವೋ ಎಂಬ ವಿವರಗಳನ್ನೂ ಕೊಡಬೇಕು. ಪಹಣಿಯನ್ನು ಎದುರಿಗಿಟ್ಟುಕೊಂಡೇ ತುಂಬಿ. ಅಡಿಕೆಗೊನೆ ಕೊಯ್ಲಿನ ಕೂಲಿ, ಔಷಧಿ ಹೊಡೆಸಿದ್ದು, ಗೊಬ್ಬರ, ಸುಲಿಸಿದ್ದು, ಬೇಯಿಸಿದ್ದು, ಒಣಗಿಸಿದ್ದು ಎಲ್ಲವೂ ಕಳೆಯಬಹುದಾದ ಖರ್ಚುಗಳೇ. ಸುಲಿದು ಬೇಯಿಸಿ ಒಣಗಿಸುವುದು ಬೆಳೆಗಾರನು ತನ್ನ ಬೆಳೆಯನ್ನು ಮಾರುಕಟ್ಟೆಗೆ ಒಯ್ಯಲು ಸಾಮಾನ್ಯವಾಗಿ ಮಾಡುವ ಕೆಲಸವಾದ್ದರಿಂದ ರಾಶಿ ಇಡಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಮಾಡಿ ಮಾರಿದರೂ ಆದಾಯ ಕೃಷಿಯದ್ದಾಗಿಯೇ ಉಳಿಯುತ್ತದೆ. ಖರ್ಚನ್ನು ಅಂದಾಜಿನಲ್ಲಿ ಬರೆಯುವ ಬದಲು ಮಂಡಿಯ ಪಟ್ಟಿಗಳನ್ನೂ ಕೂಲಿ ಕೊಟ್ಟ ಪುಸ್ತಕವನ್ನೂ ವರ್ಷವರ್ಷಕ್ಕೆ ಬೇರೆ ಬೇರೆಯಾಗಿ ತೆಗೆದಿಡಿ. ಇಲಾಖೆ ಮುಂದೆಂದಾದರೂ ವಿವರಣೆ ಕೇಳಿದರೆ ನಿಮ್ಮ ಕೈಯಲ್ಲಿರುವ ಆಧಾರ ಅವಷ್ಟೇ.

ನಿಮ್ಮ ತಮ್ಮನವರ ವಿಷಯ ಬೇರೆ. ಬೇರೆಯವರು ಬೆಳೆದ ಫಸಲನ್ನು ಮರದ ಮೇಲಿರುವಾಗಲೇ ಹಣ ಕೊಟ್ಟು ಹಿಡಿದು, ಕೊಯ್ಯಿಸಿ, ಸುಲಿಸಿ ಮಾರುವವರಿಗೆ ಬರುವ ಲಾಭ ಕೃಷಿ ಆದಾಯವಲ್ಲ. ಅದು ವ್ಯಾಪಾರದ ಲಾಭ, ಪೂರ್ತಿ ತೆರಿಗೆಗೆ ಒಳಪಟ್ಟದ್ದು. ಅವರ ತೋಟವೂ ಇದ್ದರೆ ಎರಡರ ಲೆಕ್ಕವನ್ನೂ ಬೇರೆ ಬೇರೆಯಾಗಿ ಇಡಬೇಕು. ಈ ವ್ಯತ್ಯಾಸವನ್ನು ಗಮನಿಸದೆ ಚೇಣಿಯ ಹಣವನ್ನೆಲ್ಲ ಕೃಷಿ ಎಂದು ಬರೆದುಬಿಡುವ ರೂಢಿ ನಮ್ಮಲ್ಲಿದೆ, ಮತ್ತು ಅದು ಮುಂದೆ ದಂಡಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದನ್ನು ಅವರಿಗೆ ದಯವಿಟ್ಟು ತಿಳಿಸಿ.

ಪ್ರಶ್ನೆ: ನನಗೆ 77 ವರ್ಷ, ಸಾಗರದ ವಾಸಿ. ಪಿಂಚಣಿ ವರ್ಷಕ್ಕೆ 6 ಲಕ್ಷ. ಪಿಂಚಣಿ ಬರುವ ಬ್ಯಾಂಕಿನಲ್ಲಿರುವ ಠೇವಣಿಗೆ 1,60,000 ರೂಪಾಯಿ ಬಡ್ಡಿ ಬಂದಿದ್ದು, ಅದರಲ್ಲಿ 16,000 ರೂಪಾಯಿಯನ್ನು ಬ್ಯಾಂಕಿನವರು ತೆರಿಗೆಯೆಂದು ಹಿಡಿದಿದ್ದಾರೆ. ಊರಿನ ಸಹಕಾರ ಸಂಘದ ಠೇವಣಿಗೆ 80,000 ರೂಪಾಯಿ ಬಡ್ಡಿ ಬಂದಿದೆ. ಅವರು ಏನೂ ಹಿಡಿದಿಲ್ಲ. ಎಪ್ಪತ್ತೈದು ದಾಟಿದವರು ರಿಟರ್ನ್ ಸಲ್ಲಿಸಬೇಕಿಲ್ಲ ಎಂದು ಕೇಳಿದ್ದೇನೆ. ನಿಜವೆ?

ಉತ್ತರ: ನೀವು ಕೇಳಿದ ಅನುಕೂಲ ನಿಜವಾದದ್ದೇ, ಆದರೆ ಅದಕ್ಕೆ ಷರತ್ತಿದೆ. 75 ವರ್ಷ ತುಂಬಿದವರಿಗೆ ಪಿಂಚಣಿ ಮತ್ತು ಅದೇ ಬ್ಯಾಂಕಿನ ಬಡ್ಡಿ ಬಿಟ್ಟು ಬೇರೆ ಯಾವ ಆದಾಯವೂ ಇಲ್ಲದಿದ್ದು, ಅವರು ಬ್ಯಾಂಕಿಗೆ ಘೋಷಣಾ ಪತ್ರ ಕೊಟ್ಟರೆ ಬ್ಯಾಂಕೇ ತೆರಿಗೆ ಲೆಕ್ಕ ಹಾಕಿ ಕಟ್ಟುತ್ತದೆ. ಆಗ ಮಾತ್ರ ರಿಟರ್ನ್ ಬೇಡ. ಸಂಘದ ಠೇವಣಿ ಇರುವುದರಿಂದ ಈ ಅನುಕೂಲ ನಿಮಗೆ ಸಿಗುವುದಿಲ್ಲ. ಸಂಘದವರು ತೆರಿಗೆ ಹಿಡಿಯದಿದ್ದ ಮಾತ್ರಕ್ಕೆ ಆ ಬಡ್ಡಿ ತೆರಿಗೆಯಿಂದ ಹೊರಗಾಯಿತು ಎಂದೂ ಭಾವಿಸಬಾರದು. ಕೃಷಿ ಪತ್ತಿನ ಸಹಕಾರ ಸಂಘಗಳ ಬಡ್ಡಿಗೆ ಮೂಲದಲ್ಲಿ ತೆರಿಗೆ ಕಡಿತ ಇಲ್ಲ ಎಂಬುದಷ್ಟೇ ನಿಯಮ. ಪಡೆದವರು ಅದನ್ನು ತಮ್ಮ ಆದಾಯದಲ್ಲಿ ಸೇರಿಸಬೇಕು.

ರಿಟರ್ನ್ ಸಲ್ಲಿಸುವುದರಿಂದ ನಿಮಗೆ ಲಾಭವೇ ಇದೆ. ಒಟ್ಟು 8,40,000 ರೂಪಾಯಿಯಲ್ಲಿ 75,000 ಕಳೆದರೆ 7,65,000 ಉಳಿಯುತ್ತದೆ. ಹೊಸ ಪದ್ಧತಿಯಲ್ಲಿ ಇದರ ತೆರಿಗೆ 18,250 ರೂಪಾಯಿ, ರಿಯಾಯಿತಿಯಿಂದ ಅದು ಸೊನ್ನೆಯಾಗುತ್ತದೆ. ಬ್ಯಾಂಕ್ ಹಿಡಿದ 16,000 ರೂಪಾಯಿ ಪೂರ್ತಿ ವಾಪಸು ಬರುತ್ತದೆ, ಆದರೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ. ಹಳೆಯ ಪದ್ಧತಿಯಲ್ಲಿ ಹಿರಿಯರಿಗೆ ವಿನಾಯಿತಿ ಮಿತಿ 3 ಲಕ್ಷ, 80 ತುಂಬಿದವರಿಗೆ 5 ಲಕ್ಷ, ಬಡ್ಡಿಯಲ್ಲಿ 50,000 ರೂಪಾಯಿವರೆಗೆ ಕಡಿತ ಎಂಬ ಸೌಲಭ್ಯಗಳಿದ್ದರೂ ನಿಮ್ಮ ಆದಾಯಕ್ಕೆ ಅಲ್ಲಿ 58,000 ರೂಪಾಯಿ ತೆರಿಗೆ, ಮೇಲೆ ಸೆಸ್ ಬರುತ್ತದೆ. ಈ ವರ್ಷ ಏಪ್ರಿಲಿನಲ್ಲೇ ಬ್ಯಾಂಕಿಗೆ ತೆರಿಗೆ ಕಡಿತ ಬೇಡವೆಂಬ ಸ್ವಯಂ ಘೋಷಣೆ ಕೊಟ್ಟಿಲ್ಲದಿದ್ದರೆ ಈಗಲಾದರೂ ಕೊಡಿ.

ಪ್ರಶ್ನೆ: ಶಿವಮೊಗ್ಗದ ಖಾಸಗಿ ಕಂಪನಿಯೊಂದರಲ್ಲಿ ನನ್ನ ಸಂಬಳ ವರ್ಷಕ್ಕೆ 16 ಲಕ್ಷ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 65,000, ಮನೆ ಬಾಡಿಗೆ ಭತ್ಯೆ 26,000. ನನ್ನ ತಾಯಿಯ ಹೆಸರಿನ ಮನೆಯಲ್ಲಿದ್ದು ಅವರಿಗೆ ತಿಂಗಳಿಗೆ 18,000 ಬಾಡಿಗೆ ಕೊಡುತ್ತೇನೆ. ಜೀವವಿಮೆ, ಭವಿಷ್ಯ ನಿಧಿ ಸೇರಿ 1.5 ಲಕ್ಷ ಉಳಿತಾಯ, 25,000 ಆರೋಗ್ಯ ವಿಮೆ ಇದೆ. ಹಳೆಯ ಪದ್ಧತಿಯೇ ಲೇಸಲ್ಲವೆ?

ಉತ್ತರ: ಅಲ್ಲ. ಬಾಡಿಗೆ ಭತ್ಯೆಗೆ ಹಳೆಯ ಪದ್ಧತಿಯಲ್ಲಿ ಮಾತ್ರ ವಿನಾಯಿತಿ ಇದ್ದು, ಮೂರು ಮೊತ್ತಗಳಲ್ಲಿ ಅತಿ ಕಡಿಮೆಯದಕ್ಕೆ ಅದು ಸೀಮಿತ: ನಿಮಗೆ ಬಂದ ಭತ್ಯೆ 3,12,000, ಕೊಟ್ಟ ಬಾಡಿಗೆಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಳೆದದ್ದು 1,38,000, ಶಿವಮೊಗ್ಗದಂಥ ಊರಿಗೆ ಅವೆರಡರ ಶೇ 40 ಎಂದರೆ 3,12,000. ಆದ್ದರಿಂದ ನಿಮಗೆ ಸಿಗುವುದು 1,38,000. ಪ್ರಮಾಣಿತ ಕಡಿತ 50,000, ಉಳಿತಾಯ, ವಿಮೆ ಎಲ್ಲವನ್ನೂ ಕಳೆದು, ವೃತ್ತಿ ತೆರಿಗೆಯ ಸಣ್ಣ ಮೊತ್ತವನ್ನು ಬದಿಗಿಟ್ಟರೆ, ತೆರಿಗೆಯೋಗ್ಯ ಆದಾಯ 12,37,000 ರೂಪಾಯಿ. ಹಳೆಯ ಪದ್ಧತಿಯಲ್ಲಿ 2.5 ಲಕ್ಷದ ನಂತರ 5 ಲಕ್ಷದವರೆಗೆ ಶೇ 5, 10 ಲಕ್ಷದವರೆಗೆ ಶೇ 20, ಆಮೇಲೆ ಶೇ 30 ಇರುವುದರಿಂದ ಸೆಸ್ ಸೇರಿ 1,90,944 ರೂಪಾಯಿ ಕಟ್ಟಬೇಕಾಗುತ್ತದೆ. ಹೊಸ ಪದ್ಧತಿಯಲ್ಲಿ ಯಾವ ಉಳಿತಾಯವನ್ನೂ ತೋರಿಸದೆ 1,13,100 ರೂಪಾಯಿ. ನಿಮ್ಮ ಸಂಬಳಕ್ಕೆ ಹಳೆಯ ಪದ್ಧತಿ ಗಿಟ್ಟಬೇಕಾದರೆ ಒಟ್ಟು ಕಡಿತಗಳು 6,18,750 ರೂಪಾಯಿಯನ್ನು ದಾಟಬೇಕು. ಬಾಡಿಗೆಯ ಜೊತೆಗೆ ಗೃಹಸಾಲದ ಬಡ್ಡಿಯೂ ಇರುವ ಕೆಲವರಿಗೆ ಮಾತ್ರ ಅದು ಸಾಧ್ಯ.

ತಾಯಿಗೆ ಬಾಡಿಗೆ ಕೊಡುವುದು ಕಾನೂನಿಗೆ ಒಪ್ಪಿಗೆಯೇ. ಹಾಗೆ ತೋರಿಸುವವರು ಬ್ಯಾಂಕಿನ ಮೂಲಕ ಕೊಟ್ಟಿರಬೇಕು, ವರ್ಷದ ಬಾಡಿಗೆ 1 ಲಕ್ಷ ಮೀರಿದರೆ ತಾಯಿಯ ಪಾನ್ ಸಂಖ್ಯೆ ಕೊಡಬೇಕು, ತಾಯಿಯೂ ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಹೊಸ ಪದ್ಧತಿಯಲ್ಲೂ ಉಳಿದಿರುವ ಒಂದು ದೊಡ್ಡ ಅನುಕೂಲವೆಂದರೆ ಉದ್ಯೋಗದಾತರು ನಿಮ್ಮ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆಗೆ ಕಟ್ಟುವ ಹಣ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ ಅದಕ್ಕೆ ಕಡಿತವಿದೆ. ಈ ವ್ಯವಸ್ಥೆ ಇದೆಯೇ ಎಂದು ಕಂಪನಿಯಲ್ಲಿ ವಿಚಾರಿಸಿ.

ಪ್ರಶ್ನೆ: ಭದ್ರಾವತಿಯಲ್ಲಿ ಕೆಲಸ ಬಿಟ್ಟು 2024–25ರಲ್ಲಿ ಭವಿಷ್ಯ ನಿಧಿಯ ಹಣ ತೆಗೆದೆ. ಐದು ವರ್ಷ ಸೇವೆ ಆಗಿಲ್ಲವೆಂದು ಶೇ 10 ತೆರಿಗೆ ಹಿಡಿದರು. ಎಲ್ಲ ಸೇರಿ ಆ ವರ್ಷದ ಆದಾಯ 5 ಲಕ್ಷ ದಾಟಿಲ್ಲ. ರಿಟರ್ನ್ ಸಲ್ಲಿಸಿರಲಿಲ್ಲ. ಹಣ ಹೋದಂತೆಯೆ?

ಉತ್ತರ: ಹೋಗಿಲ್ಲ, ಆದರೆ ದಾರಿ ಉದ್ದವಾಗಿದೆ. ಆ ವರ್ಷದ ತಡವಾದ ರಿಟರ್ನ್ ಸಲ್ಲಿಸುವ ಅವಕಾಶ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ‘ನಾಲ್ಕು ವರ್ಷದೊಳಗೆ ಪರಿಷ್ಕರಿಸಿ ಸಲ್ಲಿಸಬಹುದು’ ಎಂದು ಯಾರಾದರೂ ಹೇಳಿದರೆ ಅದು ಬಿಟ್ಟುಹೋದ ಆದಾಯವನ್ನು ಹೆಚ್ಚುವರಿ ತೆರಿಗೆಯೊಂದಿಗೆ ತೋರಿಸುವವರಿಗಿರುವ ಅವಕಾಶ. ಅದರಲ್ಲಿ ಮರುಪಾವತಿ ಕೇಳಲಾಗದು. ನೀವು ಇಲಾಖೆಯ ಜಾಲತಾಣದಲ್ಲಿ ವಿಳಂಬವನ್ನು ಮನ್ನಿಸುವಂತೆ ಅರ್ಜಿ ಹಾಕಬೇಕು. ತಡವಾದದ್ದಕ್ಕೆ ನಿಜವಾದ ಕಾರಣವನ್ನು ದಾಖಲೆಯೊಂದಿಗೆ ಬರೆಯಿರಿ. ಅದು ಒಪ್ಪಿಗೆಯಾದ ನಂತರ ರಿಟರ್ನ್ ಸಲ್ಲಿಸಿ. ಸಂಬಂಧಿಸಿದ ಮೌಲ್ಯಮಾಪನ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ) ಮುಗಿದು ಐದು ವರ್ಷಗಳವರೆಗೆ ಇಂಥ ಅರ್ಜಿಯನ್ನು ಪರಿಗಣಿಸಲಾಗುತ್ತದೆ. ಮರುಪಾವತಿಯ ಮೇಲೆ ಬಡ್ಡಿ ಸಿಗುವುದಿಲ್ಲ.

ಈ ವರ್ಷ ಹೀಗಾಗದಂತೆ ನೋಡಿಕೊಳ್ಳಿ. ಸಂಬಳದಾರರು ಮತ್ತು ಪಿಂಚಣಿದಾರರಿಗೆ 2026ರ ಜುಲೈ 31 ಕೊನೆಯ ದಿನ. ಹೋದ ವರ್ಷ ಅದನ್ನು ಸೆಪ್ಟೆಂಬರ್ ಮಧ್ಯದವರೆಗೆ ವಿಸ್ತರಿಸಿದ್ದರು, ಆದರೆ ಅದನ್ನು ನಂಬಿ ಕಾಯುವುದು ಸರಿಯಲ್ಲ. ತಪ್ಪಿದರೆ ಡಿಸೆಂಬರ್ 31ರವರೆಗೆ ಸಲ್ಲಿಸಬಹುದು, ಆದರೆ 5,000 ರೂಪಾಯಿ ಶುಲ್ಕ (ಆದಾಯ 5 ಲಕ್ಷದೊಳಗಿದ್ದರೆ 1,000), ಬಾಕಿ ತೆರಿಗೆಗೆ ತಿಂಗಳಿಗೆ ಶೇ 1 ಬಡ್ಡಿ ಬರುತ್ತದೆ, ಹಳೆಯ ಪದ್ಧತಿಯನ್ನು ಆಯ್ದುಕೊಳ್ಳುವ ಅವಕಾಶವೂ ಹೋಗುತ್ತದೆ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕ ದೃಢೀಕರಿಸುವುದನ್ನು ಮರೆತರೆ ಸಲ್ಲಿಸಿದ್ದೂ ಸಕಾಲದ್ದೆಂದು ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಕೊಪ್ಪದ ಬಳಿ ಕಾಫಿ, ಮೆಣಸು ಬೆಳೆಯುತ್ತೇವೆ. ಒಂದಿಷ್ಟು ಕಾಫಿಯನ್ನು ಹುರಿದು ಪುಡಿ ಮಾಡಿ ಮಾರುತ್ತೇವೆ. ಇದೂ ಕೃಷಿ ಆದಾಯವೆ?

ಉತ್ತರ: ಮೆಣಸಿನದು ಪೂರ್ತಿ ಕೃಷಿ ಆದಾಯ. ಕಾಫಿ ಹಣ್ಣನ್ನು ಒಣಗಿಸಿ, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸದೆ ವ್ಯಾಪಾರಿಗೆ ಕೊಟ್ಟರೆ ಅದೂ ಹಾಗೆಯೇ. ನೀವೇ ಕ್ಯೂರಿಂಗ್ ಮಾಡಿಸಿ ಮಾರಿದ ಕಾಫಿಯ ನಿವ್ವಳ ಆದಾಯದಲ್ಲಿ ಶೇ 25, ಹುರಿದು ಪುಡಿ ಮಾಡಿ ಮಾರಿದ್ದರಲ್ಲಿ ಶೇ 40 ವ್ಯಾಪಾರದ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ, ಉಳಿದದ್ದು ಕೃಷಿಯದ್ದು. ಪುಡಿಯಿಂದ ನಿವ್ವಳ 4 ಲಕ್ಷ ಬಂದಿದ್ದರೆ 1,60,000 ತೆರಿಗೆಯ ಲೆಕ್ಕಕ್ಕೆ, 2,40,000 ಕೃಷಿಯ ಲೆಕ್ಕಕ್ಕೆ. ಆ ಕೃಷಿ ಭಾಗಕ್ಕೂ ತೀರ್ಥಹಳ್ಳಿಯವರಿಗೆ ಬರೆದ ಕೂಡಿಸುವ ಕ್ರಮ ಅನ್ವಯಿಸುತ್ತದೆ. ಪುಡಿಯ ಮಾರಾಟಕ್ಕೆ ಬೇರೆಯೇ ಲೆಕ್ಕದ ಪುಸ್ತಕವಿಡಿ.