ಅಮ್ಮನಿಗೆ ಹೋಂ ನರ್ಸ್ ಬೇಕು, ಯಾರನ್ನು ನಂಬುವುದು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ, ಅಣ್ಣ ದುಬೈಯಲ್ಲಿ. ಉಡುಪಿ ಹತ್ತಿರದ ಕಟಪಾಡಿಯ ಮನೆಯಲ್ಲಿ ಅಮ್ಮ ಒಬ್ಬರೇ. ವಯಸ್ಸು 76. ಬಚ್ಚಲಲ್ಲಿ ಬಿದ್ದು ಸೊಂಟದ ಆಪರೇಷನ್ ಆಗಿದೆ, ವಾಕರ್ ಹಿಡಿದು ನಡೆಯುತ್ತಾರೆ. ಏಜೆನ್ಸಿಯಿಂದ ಬಂದ ಹೋಂ ನರ್ಸ್ ತಿಂಗಳು ತುಂಬುವ ಮೊದಲೇ ಬಿಟ್ಟು ಹೋದಳು. ಇನ್ನೊಬ್ಬಳನ್ನು ಕಳಿಸುತ್ತಾರಂತೆ. ಅಮ್ಮನಿಗೆ ಗುರ್ತದವರೇ ಆಗಬೇಕು. ಅಣ್ಣ ಅಮ್ಮನ ಕೋಣೆಗೆ ಕ್ಯಾಮರಾ ಹಾಕಿಸು ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಮೊದಲಿನವರು ಯಾಕೆ ಬಿಟ್ಟು ಹೋದರು ಅಂತ ನೀವು ಬರೆದಿಲ್ಲ. ಕೇಳಿದ್ದೀರಾ? ಏಜೆನ್ಸಿಯವರನ್ನಲ್ಲ, ಅವರನ್ನೇ.

ನಮ್ಮ ಕಡೆ ಹೋಂ ನರ್ಸ್ ಅಂತ ಬರುವ ಎಷ್ಟೋ ಮಂದಿ ನರ್ಸಿಂಗ್ ಓದಿದವರಲ್ಲ. ಘಟ್ಟದ ಮೇಲಿನಿಂದ ಬಂದವರಾದರೆ ತುಳು ಬರುವುದಿಲ್ಲ, ಕುಚ್ಚಲಕ್ಕಿ ಅನ್ನ ಸೇರುವುದಿಲ್ಲ. ಅಮ್ಮ ಪಕ್ಕದ ಮನೆಯವರ ಹತ್ತಿರ ತುಳುವಿನಲ್ಲಿ ಮಾತಾಡಿ ನಕ್ಕರೆ, ತನ್ನ ಬಗ್ಗೆಯೇ ಇರಬೇಕು ಅಂದುಕೊಳ್ಳುತ್ತಾರೆ. ರಾತ್ರಿ ಮೂರು ಸಲ ಎದ್ದು ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗಬೇಕು. ಬೆಳಿಗ್ಗೆ ಅಂಗಳ ಗುಡಿಸಬೇಕು, ಮೀನು ಕ್ಲೀನ್ ಮಾಡಬೇಕು, ನೆಂಟರು ಬಂದರೆ ಅವರಿಗೂ ಚಹಾ. ಮಧ್ಯಾಹ್ನ ಸ್ವಲ್ಪ ಅಡ್ಡಾದರೆ "ಮಲಗಲಿಕ್ಕಾ ಸಂಬಳ?" ಅಂತ ಮಾತು. ಬಟ್ಟೆ ಇಡಲು ಒಂದು ಕಪಾಟೂ ಇಲ್ಲ, ಬ್ಯಾಗ್ ಮಂಚದ ಅಡಿಯಲ್ಲಿ. ನಿಮ್ಮ ಮನೆಯಲ್ಲಿ ಹೀಗೇ ಆಗಿದೆ ಅನ್ನುತ್ತಿಲ್ಲ. ಆದರೆ ಬೆಂಗಳೂರಿನಿಂದ ನಿಮಗೆ ಇದೆಲ್ಲ ಕಾಣುವುದಿಲ್ಲ, ಅಲ್ವಾ?

ಹಾಗಾಗಿ ಮೊದಲು ಕೆಲಸ ಏನೆಂದು ಬರೆದಿಡಿ. ಸ್ನಾನ, ಮಾತ್ರೆ, ಊಟ, ನಡೆಸುವುದು, ರಾತ್ರಿ ಪಕ್ಕದಲ್ಲಿ ಮಲಗುವುದು. ಅಷ್ಟೇ. ಮನೆಗೆಲಸಕ್ಕೆ ಬೇರೆಯವರು. ಡ್ರೆಸ್ಸಿಂಗ್, ಇಂಜೆಕ್ಷನ್ ಬೇಕಾದರೆ ಓದಿದ ನರ್ಸೇ ಬರಬೇಕು. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ, ನಾಚಿಕೆ ಬೇಡ.

ಹೊಸಬರು ಬರುವ ಮೊದಲು ಅವರ ಜೊತೆ ಫೋನಲ್ಲಿ ಮಾತಾಡಿ. ಹಿಂದೆ ಇದ್ದ ಮನೆಯ ನಂಬರ್ ತೆಗೆದುಕೊಳ್ಳಿ. ಅಲ್ಲಿ "ಒಳ್ಳೆಯವರಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. "ಇನ್ನೊಮ್ಮೆ ಬೇಕಾದರೆ ಅವರನ್ನೇ ಕರೆಸ್ತೀರಾ?" ಅಂತ ಕೇಳಿ, ಎಷ್ಟು ಹೊತ್ತು ಯೋಚಿಸುತ್ತಾರೆ ನೋಡಿ. ಆಧಾರ್ ಪ್ರತಿ ಇಟ್ಟುಕೊಳ್ಳಿ. ಪೊಲೀಸ್ ವೆರಿಫಿಕೇಶನ್‌ಗೆ ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ಏಜೆನ್ಸಿಯ ಹತ್ತಿರ ಎರಡು ವಿಷಯ ಬರವಣಿಗೆಯಲ್ಲೇ ಬೇಕು: ನೀವು ಕೊಡುವ ದುಡ್ಡಿನಲ್ಲಿ ಹೋಂ ನರ್ಸ್ ಕೈಗೆ ಎಷ್ಟು, ಮಧ್ಯದಲ್ಲಿ ಬಿಟ್ಟು ಹೋದರೆ ಬದಲಿ ಜನ ಎಷ್ಟು ದಿನದೊಳಗೆ.

ಅಮ್ಮನ ಬಂಗಾರ ಬ್ಯಾಂಕ್ ಲಾಕರಿಗೆ ಹೋಗಲಿ. ಎಟಿಎಂ ಪಿನ್ ಯಾರಿಗೂ ಬೇಡ, ಸಂಬಂಧಿಕರಿಗೂ. ಇದು ಅನುಮಾನದ ಮಾತಲ್ಲ. ಇಟ್ಟಲ್ಲಿ ಮರೆತ ಬಳೆಗಾಗಿ ಪಾಪದ ಹೆಂಗಸಿನ ಮೇಲೆ ಕಳ್ಳತನ ಹೊರಿಸುವುದು ಎಷ್ಟೋ ಮನೆಯಲ್ಲಿ ಆಗುತ್ತದೆ.

ಕ್ಯಾಮರಾ ಚಾವಡಿಯಲ್ಲಿ, ಅಂದರೆ ಹಾಲ್‌ನಲ್ಲಿ ಇರಲಿ, ಹೋಂ ನರ್ಸ್‌ಗೆ ಹೇಳಿಯೇ ಹಾಕಿ. ಅಮ್ಮನ ಕೋಣೆಯಲ್ಲಿ ಖಂಡಿತ ಬೇಡ. ಅಮ್ಮನಿಗೆ ಬಟ್ಟೆ ಬದಲಿಸುವುದು ಅಲ್ಲೇ ತಾನೆ? ಅದನ್ನು ಮಗ ದುಬೈಯಲ್ಲಿ ಕೂತು ನೋಡಬೇಕಾ?

ಸಾಧ್ಯವಾದರೆ ಮೊದಲ ವಾರ ರಜೆ ಹಾಕಿ ನೀವೇ ಬಂದು ಜೊತೆಗಿರಿ. ಇನ್ನೊಂದು, ತಿಂಗಳಿಗೆ ಎರಡು ದಿನ ಅವರು ಊರಿಗೆ ಹೋಗಲೇಬೇಕು. ಆಗ ಅಮ್ಮನ ಹತ್ತಿರ ಯಾರು? ಅಮ್ಮ ಹೇಳುವ ಗುರ್ತದವರನ್ನು ಅದಕ್ಕೆ ಈಗಲೇ ಹುಡುಕಿ. ಅವರಿಗೂ ಸುಮ್ನೆ ಬನ್ನಿ ಅನ್ನಬೇಡಿ, ದುಡ್ಡು ಕೊಡಿ. ಅಣ್ಣನ ಪಾಲು ಅದಾಗಲಿ.