ಕತ್ತಿ ಬಲಗೈಗೆ, ಕೆಲಸ ಎಡಗೈಗೆ

ಗಡ್ಡ, ಮೀಸೆ, ಕೂದಲಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಬಸವನಗುಡಿಯ ಕ್ಷೌರಿಕರೊಬ್ಬರ ಉತ್ತರ

ಪ್ರಶ್ನೆ: ತಾತ ಬಳಸುತ್ತಿದ್ದ ಮಡಿಸುವ ಕ್ಷೌರದ ಕತ್ತಿ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿದೆ. ಅದರ ಬುಡದಲ್ಲಿ ‘ಸೋಲಿಂಗೆನ್’ ಎಂದು ಕೆತ್ತಿದ್ದಾರೆ. ಅದರಲ್ಲೇ ಗಡ್ಡ ತೆಗೆಯಲು ಕಲಿಯುವ ಆಸೆ. ಒಮ್ಮೆ ಪ್ರಯತ್ನಿಸಿದೆ, ಕೆನ್ನೆ ಉರಿದು ಕೆಂಪಾಯಿತು, ಕೂದಲು ಮಾತ್ರ ಇದ್ದಲ್ಲೇ ಇದೆ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರೊಬ್ಬರು, ಬನಶಂಕರಿ

ಉತ್ತರ: ಸದ್ಯಕ್ಕೆ ತಪ್ಪು ನಿಮ್ಮದಲ್ಲ, ಕತ್ತಿಯದು. ಸೋಲಿಂಗೆನ್ ಜರ್ಮನಿಯ ಊರು, ಕತ್ತಿ ಚಾಕುಗಳಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಂತೆಯೇ ಹೆಸರುವಾಸಿ. ಹಾಗಾಗಿ ಉಕ್ಕು ಒಳ್ಳೆಯದೇ ಇರಬೇಕು. ಆದರೆ ಟ್ರಂಕಿನಿಂದ ಎದ್ದ ಕತ್ತಿ ಸಾಣೆ ಕಾಣದೆ ಗಡ್ಡ ಕಾಣಬಾರದು. ಮೊದಲು ಭೂತಗನ್ನಡಿ ಹಿಡಿದು ಅಂಚನ್ನು ನೋಡಿ. ತುಕ್ಕು ತಿಂದ ಗುಳಿಗಳು ಬೆನ್ನಿನ ಕಡೆ ಇದ್ದರೆ ಚಿಂತೆಯಿಲ್ಲ. ಅಂಚಿನಲ್ಲೇ ಇದ್ದರೆ ತಾತನ ಫೋಟೊ ಪಕ್ಕದಲ್ಲಿಟ್ಟು, ಮುಖಕ್ಕೆ ಬೇರೆಯದನ್ನು ಕೊಳ್ಳಿ.

ಸೈಕಲ್ ತುಳಿದು ಚಕ್ರ ತಿರುಗಿಸುತ್ತ ಬೀದಿಗೆ ಬರುವ ಸಾಣೆಯವರ ಕೈಗೆ ಮಾತ್ರ ಕೊಡಬೇಡಿ. ಈಳಿಗೆಮಣೆಗೂ ಕತ್ತರಿಗೂ ಅವರೇ ಸರಿ. ಕ್ಷೌರದ ಕತ್ತಿಯ ಎರಡೂ ಪಕ್ಕ ಒಳಕ್ಕೆ ಕೊರೆದಿರುತ್ತದೆ, ಅಂಚು ಬಹಳ ತೆಳು. ಆ ಚಕ್ರದ ಬಿಸಿಗೆ ಉಕ್ಕಿನ ಹದವೇ ಹೋಗಿಬಿಡುತ್ತದೆ. ಇದಕ್ಕೆ ಬೇಕಾದದ್ದು ನೀರು ಹಾಕಿ ಮಸೆಯುವ ಚಪ್ಪಟೆ ಕಲ್ಲು. ಬೆನ್ನು, ಅಂಚು ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ, ಅಂಚು ಮುಂದಿರುವಂತೆ ತಳ್ಳಬೇಕು. ಕೋನ ಎಷ್ಟೆಂದು ಊಹಿಸುವ ತಲೆನೋವಿಲ್ಲ. ಬೆನ್ನಿನ ದಪ್ಪವೇ ಅದನ್ನು ನಿರ್ಧರಿಸುತ್ತದೆ. ಕೆಟ್ಟ ಅಂಚನ್ನು ಸರಿಪಡಿಸಲು 1000 ಗ್ರಿಟ್‌ನ ಕಲ್ಲು (ಈ ಸಂಖ್ಯೆ ಏರಿದಷ್ಟೂ ಕಲ್ಲು ನಯ), ಆಮೇಲೆ 4000, 8000, ನಯಕ್ಕೆ 12000. ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳ ಕಾರ್ಬೊರಂಡಂ ಕಲ್ಲು ಬಡಗಿಯ ಉಳಿಗೆ ಸಾಕು, ಕೆನ್ನೆಗೆ ಸಾಲದು. ಇಷ್ಟೆಲ್ಲ ಕಲ್ಲು ಕೊಳ್ಳುವ ಮೊದಲು, ಮಸೆಯಲು ಬಲ್ಲವರಿಂದ ಒಮ್ಮೆ ಮಾಡಿಸಿಕೊಳ್ಳಿ. ಹರಿತವಾದ ಕತ್ತಿ ಹೇಗಿರುತ್ತದೆಂದು ತಿಳಿಯದವನು ಹರಿತ ಮಾಡಲು ಹೊರಟರೆ ಎಲ್ಲಿ ನಿಲ್ಲಿಸಬೇಕೆಂದೇ ಗೊತ್ತಾಗುವುದಿಲ್ಲ.

ಪ್ರತಿ ಸಲ ಗಡ್ಡ ತೆಗೆಯುವ ಮುನ್ನ ಚರ್ಮದ ಪಟ್ಟಿಯ ಮೇಲೆ ಐವತ್ತರಷ್ಟು ಸಲ ಹೋಗಿ ಬರಬೇಕು. ಇಲ್ಲಿ ದಿಕ್ಕು ತಿರುಗಾಮುರುಗಾ: ಬೆನ್ನು ಮುಂದೆ, ಅಂಚು ಹಿಂದೆ. ತುದಿ ತಲುಪಿದಾಗ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಿ, ಅಂಚಿನ ಮೇಲಲ್ಲ. ಪಟ್ಟಿ ಬಿಗಿಯಾಗಿರಲಿ, ಜೋತರೆ ಅಂಚು ಮೊಂಡಾಗುತ್ತದೆ. ಹೊಸಬರು ಪಟ್ಟಿಯನ್ನು ಕೊಯ್ಯದೆ ಬಿಡುವುದಿಲ್ಲ, ಆದ್ದರಿಂದ ಮೊದಲನೆಯದು ಅಗ್ಗದ್ದಾಗಿರಲಿ.

ಈಗ ಮುಖಕ್ಕೆ ಬರೋಣ. ಕಲಿಯಲು ಬರುವ ಹುಡುಗರೆಲ್ಲ ಬಲಗೈಯನ್ನೇ ದಿಟ್ಟಿಸುತ್ತಾರೆ. ನಾನು ಎಡಗೈ ನೋಡುತ್ತೇನೆ. ಕೊಯ್ದುಕೊಳ್ಳುವುದು ಹೆಚ್ಚಾಗಿ ಚರ್ಮ ಸಡಿಲವಾಗಿರುವುದರಿಂದ. ಸಡಿಲ ಚರ್ಮ ಅಂಚಿನ ಮುಂದೆ ಮಡಿಕೆಯಾಗಿ ಏಳುತ್ತದೆ, ಕತ್ತಿ ಆ ಮಡಿಕೆಯೊಳಗೆ ಇಳಿಯುತ್ತದೆ. ಕಿವಿಯ ಬಳಿಯಿಂದ ಕೆಳಗೆ ಬರುವಾಗ ಎಡಗೈಯನ್ನು ತಲೆಯ ಮೇಲಿಂದ ಬಳಸಿ ತಂದು, ಕೆನ್ನೆಯನ್ನು ಮೇಲಕ್ಕೆ ಎಳೆದು ಹಿಡಿಯಿರಿ. ದವಡೆಯ ಕೆಳಗೆ ಹೋಗುವಾಗ ತಲೆ ಹಿಂದಕ್ಕೆ ವಾಲಿಸಿ, ದವಡೆಯ ಮೇಲಿನ ಚರ್ಮವನ್ನು ಎತ್ತಿ ಹಿಡಿಯಿರಿ. ಬೆರಳಿಗೆ ನೊರೆ ತಾಗಿದರೆ ಹಿಡಿತವೇ ಸಿಗದು. ಬೆರಳು ಒರೆಸಿ ಪಟಿಕದ ಗಡ್ಡೆಗೆ ಒಮ್ಮೆ ಉಜ್ಜಿಕೊಳ್ಳಿ, ಚರ್ಮ ಜಾರುವುದಿಲ್ಲ.

ಬಲಗೈಗೆ ಹೇಳಬೇಕಾದದ್ದು ಕಡಿಮೆ. ಅಲಗನ್ನು ಕೆನ್ನೆಯ ಮೇಲೆ ಪೂರ್ತಿ ಮಲಗಿಸಿ, ಬೆನ್ನನ್ನು ಸುಮಾರು 30 ಡಿಗ್ರಿ ಎತ್ತಿ. ಅದಕ್ಕಿಂತ ಎತ್ತಿದರೆ ಕೊಯ್ಯುತ್ತದೆ, ಇಳಿಸಿದರೆ ಕೂದಲು ಕೀಳುತ್ತದೆ. ಕೂದಲು ಬೆಳೆದ ದಿಕ್ಕಿನಲ್ಲೇ ಚಿಕ್ಕ ಚಿಕ್ಕದಾಗಿ ಎಳೆಯಿರಿ. ಒತ್ತಬೇಡಿ. ಅಂಚಿನ ಉದ್ದಕ್ಕೆ, ಅಂದರೆ ಪಕ್ಕಕ್ಕೆ, ಕೂದಲೆಳೆಯಷ್ಟೂ ಜಾರಿಸಬೇಡಿ. ಈರುಳ್ಳಿ ಹೆಚ್ಚುವ ಚಲನೆ ಅದು. ಆರಂಭದ ಕೆಲವು ವಾರ ಎರಡು ಕೆನ್ನೆ ಮಾತ್ರ ಕತ್ತಿಗೆ, ಉಳಿದ ಮುಖ ನಿಮ್ಮ ಹಳೆಯ ರೇಜರ್‌ಗೆ. ನಂತರ ಕುತ್ತಿಗೆ, ಆಮೇಲೆ ಮೇಲ್ದುಟಿ, ಕೊನೆಗೆ ಗದ್ದ. ಗದ್ದಕ್ಕೆ ಅವಸರ ಬೇಡ. ಇನ್ನೊಂದು ಮಾತು: ನನ್ನಂಥವರಿಗೂ ಕನ್ನಡಿ ನೋಡಿ ಸ್ವಂತ ಮುಖಕ್ಕೆ ಕತ್ತಿ ಹಾಕುವುದು ಬೇರೆಯೇ ವಿದ್ಯೆ. ಗಿರಾಕಿಯ ಸುತ್ತ ನಾನು ತಿರುಗಬಲ್ಲೆ, ನನ್ನ ಸುತ್ತ ನಾನು ತಿರುಗಲಾರೆ.

ಪ್ರಶ್ನೆ: ನಿಮ್ಮ ಅಂಗಡಿಗಳಲ್ಲಿ ಬಳಸುವ, ಬ್ಲೇಡ್ ಸಿಕ್ಕಿಸುವ ಉಸ್ತ್ರಾದಲ್ಲೇ ಕಲಿಯಬಹುದಲ್ಲವೇ? ಅಗ್ಗವೂ ಹೌದು.
– ಕಾಲೇಜು ವಿದ್ಯಾರ್ಥಿ, ವಿಜಯನಗರ

ಉತ್ತರ: ಅಗ್ಗ ನಿಜ. ಕಲ್ಲು, ಪಟ್ಟಿ ಯಾವುದೂ ಬೇಡ. 1904ರಲ್ಲಿ ಅಮೆರಿಕದ ಜಿಲೆಟ್ ಪೇಟೆಂಟ್ ಪಡೆದ ರೇಜರ್‌ನಿಂದ ಬೆಳೆದು ಬಂದ ಎರಡಂಚಿನ ಬ್ಲೇಡನ್ನೇ ಮಧ್ಯಕ್ಕೆ ಮುರಿದು ನಾವು ಉಸ್ತ್ರಾಕ್ಕೆ ಹಾಕುವುದು. ಎಚ್‌ಐವಿ, ಹೆಪಟೈಟಿಸ್-ಬಿ ರಕ್ತದಿಂದ ಹರಡುತ್ತವೆಂದು ತಿಳಿದ ಮೇಲೆ, ಅಪ್ಪನ ಕಾಲದ ಕತ್ತಿಯನ್ನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಒಯ್ಯುವುದು ಸರಿಯಲ್ಲ. ಯಾವ ಅಂಗಡಿಗೇ ಹೋಗಿ, ಹೊಸ ಬ್ಲೇಡನ್ನು ನಿಮ್ಮೆದುರು ಬಿಚ್ಚಿಸಿ. ಕೇಳಲು ಸಂಕೋಚ ಬೇಡ.

ಆದರೆ ಉಸ್ತ್ರಾ ಸುಲಭ ಅಂದುಕೊಂಡಿದ್ದರೆ ಅದು ತಲೆಕೆಳಗು. ಅದು ಹಗುರ, ಬ್ಲೇಡ್ ಗಡುಸು, ಮೂಲೆಗಳು ಚೂಪು. ಹದವಾಗಿ ಮಸೆದ ಕತ್ತಿ ತನ್ನ ಭಾರದಿಂದಲೇ ಸಾಗುತ್ತದೆ, ಸಣ್ಣ ತಪ್ಪಿಗೆ ಕೆರೆದು ಬಿಡುತ್ತದೆ. ಉಸ್ತ್ರಾ ಅದೇ ತಪ್ಪಿಗೆ ರಕ್ತ ತೆಗೆಯುತ್ತದೆ. ಈ ಅಭ್ಯಾಸ ಮುಂದುವರಿಯುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಉಸ್ತ್ರಾ ಕೊಳ್ಳಿ, ಹೆಚ್ಚು ದುಡ್ಡು ಹೋಗುವುದಿಲ್ಲ. ಮುಂದುವರಿಸುವುದು ಖಚಿತವಿದ್ದರೆ ನೇರ ಕತ್ತಿಗೇ ಹೋಗಿ.

ಪ್ರಶ್ನೆ: ಬ್ರಷ್, ಒಳ್ಳೆಯ ಸೋಪು ಎರಡೂ ಇವೆ. ಆದರೂ ನೊರೆ ನಿಮಿಷದಲ್ಲಿ ಒಣಗಿಹೋಗುತ್ತದೆ. ನಮ್ಮದು ಬೋರ್‌ವೆಲ್ ನೀರು.
– ಓದುಗರು, ವೈಟ್‌ಫೀಲ್ಡ್

ಉತ್ತರ: ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪಿನೊಂದಿಗೆ ಸೇರಿ ಬಿಳಿ ಗಸಿಯಾಗುತ್ತವೆ, ನೊರೆಗೆ ಸೋಪೇ ಉಳಿಯುವುದಿಲ್ಲ. ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಏರಿಬರುವ ಕಾವೇರಿ ನೀರು ಬಸವನಗುಡಿಯ ನಲ್ಲಿಯಲ್ಲಿ ಬರುವುದರಿಂದ ನನಗೆ ಈ ಕಷ್ಟವಿಲ್ಲ. ನೀವು ಆರ್‌ಒ ಯಂತ್ರದ ಒಂದು ಲೋಟ ನೀರನ್ನು ಬಿಸಿ ಮಾಡಿ ಅದರಲ್ಲೇ ಬ್ರಷ್ ಅದ್ದಿ. ಸೋಪು ಸ್ವಲ್ಪ ಹೆಚ್ಚೇ ಹಾಕಿ, ನೀರನ್ನು ಹನಿಹನಿಯಾಗಿ ಸೇರಿಸಿ. ಕತ್ತಿಗೆ ಬೇಕಾದದ್ದು ಗುಳ್ಳೆ ತುಂಬಿ ಉಬ್ಬಿದ ನೊರೆಯಲ್ಲ. ಒದ್ದೆಯಾಗಿ ಹೊಳೆಯುವ, ಜಾರುವ ನೊರೆ.

ಪ್ರಶ್ನೆ: ಮಳೆಗಾಲದಲ್ಲಿ ಕತ್ತಿಗೆ ತುಕ್ಕು ಹಿಡಿಯುತ್ತಿದೆ.
– ಓದುಗರು, ಮಲ್ಲೇಶ್ವರ

ಉತ್ತರ: ಬಚ್ಚಲುಮನೆಯಿಂದ ಹೊರಗಿಡಿ. ಒರೆಸಿ, ಮಡಿಸುವ ಮೊದಲು ಗಾಳಿಗೆ ಆರಲು ಬಿಡಿ. ನೀರು ನಿಲ್ಲುವುದು ಹಿಡಿಯೊಳಗಿನ ಕೀಲಿನಲ್ಲಿ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಕ್ರಮೇಣ ಅಂಟಾಗುತ್ತದೆ.

ಪ್ರಶ್ನೆ: ಮಂಗಳವಾರ ಮನೆಯಲ್ಲಿ ಕತ್ತಿ ಹಿಡಿಯಬಹುದೇ? ಅಜ್ಜಿ ಬೇಡವೆನ್ನುತ್ತಾರೆ.
– ಓದುಗರು, ಚಾಮರಾಜಪೇಟೆ

ಉತ್ತರ: ಅದು ನಿಮಗೂ ಅಜ್ಜಿಗೂ ಬಿಟ್ಟದ್ದು. ಮಂಗಳವಾರ ನಮ್ಮ ಅಂಗಡಿಗೆ ರಜೆ. ಅರ್ಧ ಗಡ್ಡಕ್ಕೆ ಧೈರ್ಯ ಕೈಕೊಟ್ಟರೆ ಉಳಿದರ್ಧ ತೆಗೆಸಲು ಬುಧವಾರದವರೆಗೆ ಕಾಯಬೇಕಾಗುತ್ತದೆ.