‘ಸರ್‌ಗೆ ದ್ರೋಹ ಮಾಡಿದ ಹಾಗಾಗುತ್ತೆ, ಮೇಡಂ’

ಆಕೆ ನನ್ನ ಬಳಿ ಬಂದಾಗ 11 ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಯುವ ಡಾಕ್ಟರ್, ಸಂಶೋಧನೆಯಲ್ಲೂ ಆಸಕ್ತಿ. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಕೂತವರೇ ಮೊಬೈಲ್ ತೆಗೆದು ಒಂದು ಇಮೇಲ್ ತೋರಿಸಿದರು. ಅವರು ಮೊದಲ ಲೇಖಕಿಯಾಗಿದ್ದ ಪೇಪರ್ ಬಗ್ಗೆ ಜರ್ನಲ್‌ನ ಎಡಿಟರ್ ಬರೆದದ್ದು. ಎರಡೇ ಪ್ರಶ್ನೆ. ಪೇಪರ್‌ನಲ್ಲಿರುವ ಎಥಿಕ್ಸ್ ಕಮಿಟಿ (ಜನರ ಮೇಲಿನ ಅಧ್ಯಯನ ನ್ಯಾಯವಾಗಿದೆಯೇ ಎಂದು ನೋಡಿ ಒಪ್ಪುವ ಸಮಿತಿ) ಅನುಮತಿಯ ನಂಬರ್ ಬೇರೊಂದು ಅಧ್ಯಯನದ್ದು ಅಂತ ದೂರು ಬಂದಿದೆ, ಮೂಲ ಪತ್ರ ಕಳಿಸುತ್ತೀರಾ? ನೀವೇ ಹೆಸರು ಸೂಚಿಸಿದ ರಿವ್ಯೂವರ್ (ಪ್ರಕಟಣೆಗೆ ಮುಂಚೆ ಪೇಪರ್ ಪರಿಶೀಲಿಸುವವರು) ನಿಮ್ಮದೇ ವಿಭಾಗದಲ್ಲಿ ಕೆಲಸ ಮಾಡಿದವರು, ಹೌದೇ? ಉತ್ತರಕ್ಕೆ 14 ದಿನ ಗಡುವು. ಅಂದರೆ ಉಳಿದದ್ದು ಮೂರು.

ಎರಡೂ ನಿಜವೇ. ‘ಹಳೇ ಅನುಮತಿಯಲ್ಲೇ ಇದೂ ಬರುತ್ತಮ್ಮ, ಆ ನಂಬರ್ ಹಾಕು’ ಎಂದವರು ಗೈಡ್. ರಿವ್ಯೂವರ್ ಹೆಸರು ಕೊಟ್ಟವರೂ ಅವರೇ. ಈಗ ಅವರು, ‘ಗಾಬರಿ ಆಗಬೇಡ, ಟೈಪಿಂಗ್ ತಪ್ಪು ಅಂತ ಬರೆದು ಒಂದು ಕರೆಕ್ಷನ್ ಹಾಕಿಸೋಣ’ ಎನ್ನುತ್ತಿದ್ದರು.

‘ನಿಜ ಬರೆದರೆ ಸರ್‌ಗೆ ದ್ರೋಹ ಮಾಡಿದ ಹಾಗಾಗುತ್ತೆ, ಮೇಡಂ. ಸುಮ್ನೆ ಕೆಲಸ ಬಿಟ್ಟುಬಿಡಲಾ?’

ಆ ಒಂದು ಗಂಟೆಯಲ್ಲಿ ‘ಸರ್’ ಎಂಬ ಮಾತು ಎಷ್ಟು ಸಲ ಬಂತೋ ಲೆಕ್ಕವಿಲ್ಲ. ‘ಪೇಷಂಟ್’ ಎಂಬ ಮಾತು ಒಮ್ಮೆಯೂ ಬರಲಿಲ್ಲ. ನಾನು ಅದನ್ನು ಅವತ್ತು ಎತ್ತಲಿಲ್ಲ. ನಿದ್ದೆಗೆಟ್ಟವರಿಗೆ ಉಪದೇಶ ಮಾಡಿದರೆ ಅದು ಇನ್ನೊಂದು ಹೊರೆ ಅಷ್ಟೆ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿದೆ, ಇಲ್ಲ ಎಂದರು. ಎಡಿಟರ್‌ಗೆ ‘ದಾಖಲೆ ನೋಡಿ ಉತ್ತರಿಸಲು ಇನ್ನು ಮೂರು ವಾರ ಬೇಕು’ ಎಂದು ಎರಡು ಸಾಲು ಬರೆಸಿದೆ. ನಿದ್ದೆ ಸರಿಹೋಗುವವರೆಗೆ ರಾಜೀನಾಮೆಯ ಮಾತೇ ಬೇಡ ಎಂದೆ. ಮೊದಲ ದಿನಕ್ಕೆ ಅಷ್ಟೇ ಸಾಕು.

ಎರಡನೇ ಭೇಟಿಗೆ ತಾರೀಖುಗಳ ಪಟ್ಟಿ ಮಾಡಿ ತರಲು ಹೇಳಿದ್ದೆ. ಯಾವ ಅನುಮತಿ ಯಾವತ್ತು ಬಂತು, ಮೊದಲ ರಕ್ತದ ಸ್ಯಾಂಪಲ್ ಯಾವತ್ತು ತೆಗೆದದ್ದು, ಯಾರು ಯಾರಿಗೆ ಏನು ಬರೆದರು. ಗೊತ್ತಿರುವುದು ಒಂದು ಕಡೆ, ಅಂದುಕೊಂಡಿರುವುದು ಇನ್ನೊಂದು ಕಡೆ. ಒಂದು ಇಮೇಲನ್ನೂ ಅಳಿಸಬಾರದು, ಒಂದು ಫೈಲನ್ನೂ ತಿದ್ದಬಾರದು. ಆ ಪಟ್ಟಿ ಓದುತ್ತಾ ಓದುತ್ತಾ ಅವರೇ ನಿಂತರು. ಹಳೇ ಅನುಮತಿ ಇದ್ದದ್ದು ಕೇಸ್ ಫೈಲ್ ನೋಡುವುದಕ್ಕೆ ಮಾತ್ರ. ಇವರು ಅಧ್ಯಯನಕ್ಕೆಂದೇ ಹೆಚ್ಚುವರಿ ರಕ್ತ ತೆಗೆದಿದ್ದರು.

‘63 ಪೇಷಂಟ್‌ಗಳು ಮೇಡಂ. ಅವರು ಸಹಿ ಹಾಕಿದ್ದು ಹಳೇ ಫಾರ್ಮ್‌ಗೆ.’

ಅಲ್ಲಿಂದ ಮಾತು ಸುಲಭವಾಯಿತು. ನಾನು ಡಾಕ್ಟರ್ ಅಲ್ಲ, ಆದರೆ ಸಂಶೋಧಕರ ಜೊತೆ ಕೂತು ಕೂತು ಕೆಲವು ವಿಷಯ ಕಲಿತಿದ್ದೇನೆ. ಅನುಮತಿ ನಿಜವಾಗಿ ಇದ್ದು ನಂಬರ್ ಮಾತ್ರ ತಪ್ಪಿದ್ದರೆ ಕರೆಕ್ಷನ್ ಸಾಕು. ಅನುಮತಿಯೇ ಇಲ್ಲದಿದ್ದರೆ ಅದನ್ನು ಹಿಂದಿನ ತಾರೀಖಿಗೆ ತರಿಸಲು ಆಗುವುದಿಲ್ಲ. ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆ ಹೇಳುವುದೂ ಅದನ್ನೇ: ಅಧ್ಯಯನ ಶುರುವಾಗುವ ಮುಂಚೆಯೇ ಸಮಿತಿ ಒಪ್ಪಬೇಕು.

ಧೈರ್ಯಕ್ಕಿರಲಿ ಅಂತ ಮೆಡಿಟರೇನಿಯನ್ ಊಟದ ದೊಡ್ಡ ಅಧ್ಯಯನದ ಕಥೆ ಹೇಳಿದೆ. 7,447 ಜನರ ಮೇಲೆ ನಡೆದದ್ದು, 2013ರಲ್ಲಿ ಪ್ರಕಟವಾದದ್ದು. ಜನರನ್ನು ಗುಂಪುಗಳಿಗೆ ಹಂಚಿದ ರೀತಿಯಲ್ಲಿ ತಪ್ಪು ಸಿಕ್ಕಿದ ಮೇಲೆ ಲೇಖಕರು 2018ರಲ್ಲಿ ಪೇಪರ್ ವಾಪಸ್ ಪಡೆದು, ಲೆಕ್ಕ ಮತ್ತೆ ಮಾಡಿ ಹೊಸದಾಗಿ ಪ್ರಕಟಿಸಿದರು. ಹೇಳಿದ್ದೇ ತಪ್ಪಾಯಿತು ನೋಡಿ, ‘ಹಾಗಾದರೆ ನಾವೂ ಹಾಗೆ ಮಾಡಬಹುದಾ?’ ಎಂದು ಆಕೆಯ ಮುಖ ಅರಳಿತು. ಇಲ್ಲ. ಅಲ್ಲಿ ಲೆಕ್ಕ ತಪ್ಪಿತ್ತು, ಮತ್ತೆ ಮಾಡಬಹುದಿತ್ತು. ಒಪ್ಪಿಗೆಯನ್ನು ಹಾಗೆ ಮತ್ತೆ ಲೆಕ್ಕ ಹಾಕೋಕೆ ಆಗಲ್ಲ ಅಲ್ವಾ?

ಅವರ ಪರಿಸ್ಥಿತಿಗೆ ಹತ್ತಿರವಾದದ್ದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನ 1998ರ ಪೇಪರ್. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟಿದೆಯೇನೋ ಎಂಬ ಭಯ ಹಬ್ಬಿಸಿದ, 12 ಮಕ್ಕಳ ಮೇಲಿನ ಆ ಪೇಪರ್. 2010ರಲ್ಲಿ ಅದನ್ನು ಪೂರ್ತಿ ಹಿಂತೆಗೆದಾಗ ಕೊಟ್ಟ ಕಾರಣಗಳಲ್ಲಿ ಒಂದು, ಎಥಿಕ್ಸ್ ಕಮಿಟಿ ಒಪ್ಪಿದೆ ಎಂಬ ಮಾತು ಸುಳ್ಳು ಎನ್ನುವುದು. ಆದರೆ ಅದಕ್ಕೂ ಆರು ವರ್ಷ ಮುಂಚೆಯೇ, 2004ರಲ್ಲಿ, 13 ಲೇಖಕರಲ್ಲಿ 10 ಮಂದಿ ಪೇಪರ್‌ನ ಆ ಅರ್ಥೈಸುವಿಕೆಯನ್ನು ನಾವು ಹಿಂತೆಗೆದುಕೊಳ್ಳುತ್ತೇವೆ ಎಂದು ಬರೆದಿದ್ದರು. ಮುಖ್ಯ ಲೇಖಕ ಅವರ ಜೊತೆ ಸಹಿ ಹಾಕಿರಲಿಲ್ಲ. ‘ಅಂದರೆ ಸರ್ ಒಪ್ಪದಿದ್ದರೂ ನಾನು ಬರೆಯಬಹುದು’ ಎಂದರು ಆಕೆ, ನನಗಿಂತ ಮುಂಚೆ.

ನನ್ನ ಸಲಹೆ ಇಷ್ಟು. ಮೊದಲು ಸಂಸ್ಥೆಯ ಎಥಿಕ್ಸ್ ಕಮಿಟಿಗೆ ಬರೆದು ತಿಳಿಸಿ, ಆಮೇಲೆ ಎಡಿಟರ್‌ಗೆ, ಪ್ರತಿ ಎಲ್ಲ ಸಹಲೇಖಕರಿಗೂ ಹೋಗಲಿ. ಗೊತ್ತಿರುವುದನ್ನು ಮಾತ್ರ ತಾರೀಖಿನ ಜೊತೆ ಬರೆಯಿರಿ, ‘ಗೈಡ್ ಹೀಗೆ ಹೇಳಿದರು’ ಎನ್ನುವುದೂ ಬರಲಿ, ಆದರೆ ಬೈಗುಳ ಬೇಡ, ನಿಮ್ಮನ್ನು ನೀವೇ ಹಳಿದುಕೊಳ್ಳುವುದೂ ಬೇಡ. ರಿವ್ಯೂವರ್ ಪ್ರಶ್ನೆಗೆ ‘ಹೌದು, ನಾವು ತಿಳಿಸಬೇಕಿತ್ತು’ ಎಂಬ ಒಂದು ಸಾಲು ಸಾಕು. ಹೆಸರು ಸೂಚಿಸಲು ಎಷ್ಟೋ ಜರ್ನಲ್‌ಗಳು ಬಿಡುತ್ತವೆ, ಪರಿಚಯ ಮುಚ್ಚಿಟ್ಟದ್ದು ತಪ್ಪು.

ಮತ್ತೆ, ಸರ್ ಬೆನ್ನ ಹಿಂದೆ ಕಳಿಸಬೇಡಿ. ಎದುರಿಗೆ ಹೇಳಿ. ಇದನ್ನು ನಾವು ಅಭ್ಯಾಸ ಮಾಡಿದೆವು, ನಾನು ಸರ್ ಆದೆ, ಸ್ವಲ್ಪ ಜಾಸ್ತಿಯೇ ಗದರಿದೆ ಅನ್ನಿಸುತ್ತದೆ. ಮೊದಲ ಸಲ ಅತ್ತರು. ನಾಲ್ಕನೇ ಸಲಕ್ಕೆ ಪೂರ್ತಿ ಹೇಳಿದರು: ‘ಸರ್, ಟೈಪಿಂಗ್ ತಪ್ಪು ಅಂತ ನಾನು ಸಹಿ ಹಾಕಲ್ಲ. ನನಗೆ ಗೊತ್ತಿರೋದನ್ನ ನಾನು ಬರೀತೀನಿ, ನಿಮ್ಮ ಮಾತನ್ನ ನೀವು ಬರೀರಿ.’

ಪೇಪರ್ ವಾಪಸ್ ಆಗಲು ಏಳು ತಿಂಗಳು ಹಿಡಿಯಿತು. ಅದು ಅಳಿಸಿ ಹೋಗುವುದಿಲ್ಲ, ಪುಟಪುಟದ ಮೇಲೂ ‘ಹಿಂತೆಗೆಯಲಾಗಿದೆ’ ಎಂಬ ಅಚ್ಚು ಹೊತ್ತು ಅಲ್ಲೇ ಇರುತ್ತದೆ. ಅದನ್ನು ನೋಡುವುದು ಅವರಿಗೆ ಈಗಲೂ ಕಷ್ಟ. ಗೈಡ್ ಮಾತು ಬಿಟ್ಟಿದ್ದಾರೆ. ಕೆಲಸ ಉಳಿದಿದೆ, ನಿದ್ದೆ ಬಹುಪಾಲು ಮರಳಿದೆ.

ಕೊನೆಯ ಭೇಟಿಗೆ ಬಂದಾಗ ಕೈಯಲ್ಲಿ ಒಂದು ಕರಡು ಇತ್ತು. ಆ 63 ಜನರಿಗೆ ವಿಷಯ ತಿಳಿಸುವ ಪತ್ರವನ್ನು ಬರೆದುಕೊಡಿ ಎಂದು ಕಮಿಟಿ ಇವರನ್ನೇ ಕೇಳಿತ್ತಂತೆ. ಕ್ಷಮೆ ಕೇಳುವ ಸಾಲು ಮೊದಲು ಬರಬೇಕಾ ಕೊನೆಗಾ ಎಂದು ಕೇಳಿದರು.

ಮೊದಲು, ಎಂದೆ.